ಚಲಿಸುವ ದೇಹ ಮತ್ತು ನಿಲ್ಲಿಸಿದ ಚಿತ್ರ: ಮೈಬ್ರಿಜ್ ಹಾಗೂ ಮಾರೇಯ ಛಾಯಾಫಲಕಗಳು

೧

ಛಾಯಾಗ್ರಹಣದ ಚರಿತ್ರೆಯಲ್ಲಿ ಎಡ್ವರ್ಡ್ ಮೈಬ್ರಿಜ್ ಮತ್ತು ಎತಿಯೆನ್-ಜೂಲ್ ಮಾರೇ ಇವರ ಹೆಸರುಗಳು ಜೋಡಿಯಾಗಿಯೇ ಬರುತ್ತವೆ. ಇಬ್ಬರೂ ೧೮೩೦ರಲ್ಲಿ ಹುಟ್ಟಿ ೧೯೦೪ರಲ್ಲಿ ತೀರಿಕೊಂಡವರು. ಬರಿಗಣ್ಣಿಗೆ ದಕ್ಕದ ಚಲನೆಯನ್ನು ಫಲಕದ ಮೇಲೆ ಹಿಡಿದಿಡುವುದೇ ಇಬ್ಬರ ಪ್ರಯತ್ನವೂ ಆಗಿತ್ತು. ಇಂಗ್ಲೆಂಡಿನ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಮೈಬ್ರಿಜ್ ವೃತ್ತಿಯಿಂದ ಛಾಯಾಗ್ರಾಹಕ. ಫ್ರಾನ್ಸಿನ ಬೋನ್ ಪಟ್ಟಣದ ಮಾರೇ ವೈದ್ಯಶಿಕ್ಷಣ ಪಡೆದು ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕನಾದ ಶರೀರಶಾಸ್ತ್ರಜ್ಞ. ಈ ವೃತ್ತಿಭೇದವನ್ನು ಆಧರಿಸಿ ಮೈಬ್ರಿಜ್‌ನನ್ನು ಕಲೆಯ ಕಡೆಗೂ ಮಾರೇಯನ್ನು ವಿಜ್ಞಾನದ ಕಡೆಗೂ ಸೇರಿಸುವ ವಾಡಿಕೆ ಬೆಳೆದುಬಂದಿದೆ.

ಈ ವಿಭಜನೆ ಅನುಕೂಲಕರವಾದುದು. ಆದರೆ ಫಲಕಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಅದು ನಿಲ್ಲುವುದಿಲ್ಲ. ಚಲಿಸುವ ಮನುಷ್ಯದೇಹದ ಯಾವ ಛಾಯಾಚಿತ್ರವೂ ಚಲನೆಯನ್ನು ಇಡಿಯಾಗಿ ಕೊಡಲಾರದು. ಅದು ಕೆಲವನ್ನು ಉಳಿಸಿಕೊಳ್ಳುತ್ತದೆ, ಕೆಲವನ್ನು ಬಿಡುತ್ತದೆ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ನಿರ್ಧಾರದಲ್ಲಿಯೇ ಆ ಚಿತ್ರದ ಸತ್ಯವೂ ಮಿತಿಯೂ ಅಡಗಿರುತ್ತವೆ. ಮಾರೇ ದೇಹವನ್ನು ಬಿಟ್ಟು ಚಲನೆಯನ್ನು ಉಳಿಸಿಕೊಂಡ. ಮೈಬ್ರಿಜ್ ದೇಹವನ್ನು ಉಳಿಸಿಕೊಂಡ. ಅದರೊಂದಿಗೆ ಆ ದೇಹಕ್ಕೆ ಅಂಟಿಕೊಂಡಿದ್ದ ಸಮಾಜವೂ ಅವನ ಫಲಕದೊಳಗೆ ಬಂದಿತು. ಇಬ್ಬರ ಸಾಧನೆಯನ್ನೂ ಈ ಎರಡು ನಿರ್ಧಾರಗಳ ಬೆಳಕಿನಲ್ಲಿ ಪರಿಶೀಲಿಸಿದರೆ ಕಲೆ–ವಿಜ್ಞಾನಗಳ ಸಂಬಂಧ ಬೇರೆಯಾಗಿಯೇ ಕಾಣುತ್ತದೆ.

೨

ಮನುಷ್ಯದೇಹದ ಈ ಅಧ್ಯಯನ ಆರಂಭವಾದದ್ದು ಕುದುರೆಯಿಂದ. ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ರೈಲ್ವೆ ಉದ್ಯಮಿ ಲೀಲ್ಯಾಂಡ್ ಸ್ಟ್ಯಾನ್‌ಫೋರ್ಡ್ ತನ್ನ ಕುದುರೆಗಳ ಓಟವನ್ನು ಚಿತ್ರಿಸಲು ೧೮೭೨ರಲ್ಲಿ ಮೈಬ್ರಿಜ್‌ನನ್ನು ಗೊತ್ತುಮಾಡಿದ. ನಿರ್ಣಾಯಕ ಫಲ ದೊರೆತದ್ದು ೧೮೭೮ರ ಜೂನ್ ತಿಂಗಳಲ್ಲಿ, ಪಾಲೊ ಆಲ್ಟೊದ ಓಟದ ಹಾದಿಯಲ್ಲಿ. ಸಾಲಾಗಿ ನಿಲ್ಲಿಸಿದ ಹನ್ನೆರಡು ಕ್ಯಾಮೆರಾಗಳ ಮುಂದೆ ಕುದುರೆ ಓಡುತ್ತಿದ್ದಂತೆ ಹಾದಿಗೆ ಅಡ್ಡಲಾಗಿ ಕಟ್ಟಿದ್ದ ಎಳೆಗಳು ಒಂದೊಂದಾಗಿ ಸೆಳೆಯಲ್ಪಟ್ಟು ಶಟರುಗಳು ತೆರೆದುಕೊಂಡವು. ಚಿತ್ರದಿಂದ ಚಿತ್ರಕ್ಕೆ ಇಪ್ಪತ್ತೇಳು ಅಂಗುಲದ ದೂರ ಮತ್ತು ಸೆಕೆಂಡಿನ ಸುಮಾರು ಇಪ್ಪತ್ತೈದನೆಯ ಒಂದು ಭಾಗದ ಅಂತರವಿದೆಯೆಂದು ಅದೇ ವರ್ಷ ಪ್ರಕಟವಾದ ಚಿತ್ರಪಟ್ಟಿಯಲ್ಲಿ ಮುದ್ರಿಸಲಾಗಿತ್ತು. ನಾಗಾಲೋಟದ ಒಂದು ಹಂತದಲ್ಲಿ ಕುದುರೆಯ ನಾಲ್ಕೂ ಗೊರಸುಗಳು ನೆಲ ಬಿಟ್ಟಿರುತ್ತವೆ. ಆಗ ಕಾಲುಗಳು ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುತ್ತವೆ. ಜೆರಿಕೊ ತನ್ನ ೧೮೨೧ರ ಎಪ್ಸಮ್ ಪಂದ್ಯದ ವರ್ಣಚಿತ್ರದಲ್ಲಿ ತೋರಿಸಿದಂತೆ ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡಿರುವುದಿಲ್ಲ. ಶತಮಾನಗಳ ಚಿತ್ರಸಂಪ್ರದಾಯವೊಂದು ಇದರಿಂದ ಪ್ರಶ್ನೆಗೊಳಗಾಯಿತು.

ಈ ಚಿತ್ರಗಳು ೧೮೭೮ರ ಕೊನೆಯಲ್ಲಿ ಪ್ಯಾರಿಸ್ಸಿನ 'ಲಾ ನಾತ್ಯೂರ್' ಪತ್ರಿಕೆಯಲ್ಲಿ ಪ್ರಕಟವಾದವು. ಅವನ್ನು ಕಂಡ ಮಾರೇ ಛಾಯಾಗ್ರಾಹಕನೊಡನೆ ಸಂಪರ್ಕ ಬಯಸಿ ಸಂಪಾದಕನಿಗೆ ಪತ್ರ ಬರೆದ. ಮಾರೇ ಅಲ್ಲಿಯವರೆಗೆ ಅವಲಂಬಿಸಿದ್ದದ್ದು ಲೇಖನೋಪಕರಣಗಳನ್ನು. ನಾಡಿಯ ಬಡಿತ, ಸ್ನಾಯುವಿನ ಸೆಳೆತ, ಹೆಜ್ಜೆಯ ಒತ್ತಡ ಇವೆಲ್ಲವೂ ತಿರುಗುವ ಉರುಳೆಯ ಮೇಲೆ ತಾವೇ ಗೆರೆಯಾಗಿ ದಾಖಲಾಗುವ ಕ್ರಮವನ್ನು ಅವನು ಪರಿಷ್ಕರಿಸಿದ್ದ. ೧೮೮೧ರಲ್ಲಿ ಪ್ಯಾರಿಸ್ಸಿಗೆ ಬಂದ ಮೈಬ್ರಿಜ್‌ನನ್ನು ಮಾರೇ ವಿಜ್ಞಾನಿಗಳ ನಡುವೆಯೂ, ವರ್ಣಚಿತ್ರಕಾರ ಮೆಸೋನಿಯೆ ಕಲಾವಿದರ ನಡುವೆಯೂ ಬರಮಾಡಿಕೊಂಡರು. ಒಂದೇ ಚಿತ್ರಮಾಲೆ ಒಂದೇ ನಗರದ ಎರಡು ಸಭೆಗಳಲ್ಲಿ ಎರಡು ಬಗೆಯ ಸಾಕ್ಷ್ಯವಾಗಿ ಸ್ವೀಕೃತವಾಯಿತೆಂಬುದು ಗಮನಿಸಬೇಕಾದ ಸಂಗತಿ.

೩

ಮರುವರ್ಷವೇ ಮಾರೇ ತನ್ನದೇ ಹಾದಿ ಹಿಡಿದ. ೧೮೮೨ರಲ್ಲಿ ಅವನು ರಚಿಸಿದ ಛಾಯಾಚಿತ್ರ ಬಂದೂಕು ಸೆಕೆಂಡಿಗೆ ಹನ್ನೆರಡು ಚಿತ್ರಗಳನ್ನು ತೆಗೆಯುತ್ತಿತ್ತು. ಪ್ರತಿಯೊಂದಕ್ಕೂ ಬೆಳಕು ಬೀಳುವ ಅವಧಿ ಸೆಕೆಂಡಿನ ೭೨೦ನೆಯ ಒಂದು ಭಾಗ. ಅದೇ ವರ್ಷ ಸರ್ಕಾರದ ಮತ್ತು ಪ್ಯಾರಿಸ್ ನಗರದ ನೆರವಿನಿಂದ ಬುವಾ ದ ಬೂಲೋನ್ ಉದ್ಯಾನದ ಅಂಚಿನಲ್ಲಿ ಶರೀರಕ್ರಿಯಾ ಕೇಂದ್ರವೊಂದು ಆರಂಭವಾಯಿತು. ಮೈಬ್ರಿಜ್‌ನ ಹಲವು ಕ್ಯಾಮೆರಾಗಳ ಸಾಲನ್ನು ಮಾರೇ ಒಪ್ಪಲಿಲ್ಲ. ಕ್ಯಾಮೆರಾ ಬದಲಾದಂತೆ ನೋಟದ ಬಿಂದುವೂ ಬದಲಾಗುತ್ತದೆ. ಆಗ ಒಂದು ಚಿತ್ರವನ್ನು ಇನ್ನೊಂದರೊಡನೆ ಅಳೆದು ಹೋಲಿಸುವುದು ಕಷ್ಟ. ಅವನು ಒಂದೇ ಕ್ಯಾಮೆರಾ, ಒಂದೇ ಸ್ಥಿರ ಫಲಕವನ್ನು ಬಳಸಿ, ಮಸೂರದ ಹಿಂದೆ ಸೀಳುಗಳುಳ್ಳ ತಟ್ಟೆಯೊಂದನ್ನು ಸಮವೇಗದಲ್ಲಿ ತಿರುಗಿಸಿದ. ಕಪ್ಪು ಹಿನ್ನೆಲೆಯ ಮುಂದೆ ಬಿಳಿಯ ಉಡುಪಿನ ಮನುಷ್ಯ ನಡೆದಾಗ ಅವನ ಅನುಕ್ರಮ ಭಂಗಿಗಳು ಒಂದೇ ಫಲಕದಲ್ಲಿ ಪಕ್ಕಪಕ್ಕದಲ್ಲಿ ಮೂಡಿದವು. ಕ್ರೋನೋಫೋಟೋಗ್ರಫಿ ಎಂದು ಹೆಸರಾದ ವಿಧಾನ ಇದು.

ಇಲ್ಲಿಯೂ ಒಂದು ತೊಡಕು ಎದುರಾಯಿತು. ಕ್ಷಣಗಳ ಅಂತರವನ್ನು ಕಡಿಮೆಮಾಡಿದಷ್ಟೂ ಚಲನೆಯ ವಿವರ ಹೆಚ್ಚುತ್ತದೆ. ಆದರೆ ಭಂಗಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ದೇಹವು ಜಾಗ ಆಕ್ರಮಿಸುತ್ತದೆ ಎಂಬುದೇ ಅಳತೆಗೆ ಅಡ್ಡಿ. ೧೮೮೩ರಲ್ಲಿ ಮಾರೇ ಕಂಡುಕೊಂಡ ಪರಿಹಾರ ದಿಟ್ಟವಾದುದು. ನಡೆಯುವವನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು ತೊಡಿಸಿ, ಕ್ಯಾಮೆರಾದ ಕಡೆಗಿರುವ ಕೈಕಾಲುಗಳ ಉದ್ದಕ್ಕೂ ಬಿಳಿಯ ಪಟ್ಟಿಗಳನ್ನು, ಕೀಲುಗಳ ಮೇಲೆ ಹೊಳೆಯುವ ಬಿಂದುಗಳನ್ನು ಅಂಟಿಸಲಾಯಿತು. ಫಲಕದ ಮೇಲೆ ಮನುಷ್ಯ ಮಾಯವಾದ. ಉಳಿದದ್ದು ಬಾಗಿ ಬಳುಕುವ ಗೆರೆಗಳ ಹೆಣಿಗೆ ಮಾತ್ರ. ಮುಖವಿಲ್ಲ, ಮಾಂಸವಿಲ್ಲ, ವಯಸ್ಸಿಲ್ಲ. ಮೊಣಕಾಲಿನ ಪಥ, ಸೊಂಟದ ಏರಿಳಿತ, ಹೆಜ್ಜೆಯ ಅವಧಿ ಇವು ಅಳೆಯಬಲ್ಲ ಪ್ರಮಾಣಗಳಾದವು.

ಈ ಫಲಕಗಳನ್ನು ಶುದ್ಧ ವಿಜ್ಞಾನವೆಂದು ಕರೆಯುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಮೊದಲನೆಯದು, ಈ ಅಮೂರ್ತತೆ ಪ್ರಯೋಗಶಾಲೆಯ ರಂಗಸಜ್ಜಿಕೆಯಿಂದ ಬಂದದ್ದು. ಉಡುಪು, ಹಿನ್ನೆಲೆ, ಬೆಳಕು ಎಲ್ಲವನ್ನೂ ಮೊದಲೇ ಏರ್ಪಡಿಸಿ ಪಡೆದ ಫಲ ಅದು. ಎರಡನೆಯದು, ಅಳತೆಗಾಗಿ ಹುಟ್ಟಿದ ಈ ಗೆರೆಗಳೇ ಮುಂದಿನ ತಲೆಮಾರಿನ ಕಲಾವಿದರನ್ನು ಹೆಚ್ಚು ಸೆಳೆದವು. ೧೯೧೨ರಲ್ಲಿ ಮಾರ್ಸೆಲ್ ಡುಶಾಂಪ್ ರಚಿಸಿದ, ಮರುವರ್ಷ ನ್ಯೂಯಾರ್ಕಿನ ಆರ್ಮರಿ ಪ್ರದರ್ಶನದಲ್ಲಿ ಕೋಲಾಹಲವೆಬ್ಬಿಸಿದ 'ಮೆಟ್ಟಿಲಿಳಿಯುತ್ತಿರುವ ನಗ್ನೆ' ಚಿತ್ರದ ಹಿಂದೆ ಮಾರೇಯ ವಿಧಾನವಿದೆ. ಅದನ್ನು ಡುಶಾಂಪ್ ತಾನೇ ಒಪ್ಪಿಕೊಂಡಿದ್ದಾನೆ. ಕಲೆಯ ಉದ್ದೇಶವೇ ಇಲ್ಲದ ಚಿತ್ರ ಆಧುನಿಕ ಕಲೆಗೆ ವ್ಯಾಕರಣ ಒದಗಿಸಿತು.

೪

ಮೈಬ್ರಿಜ್‌ನ ಮುಖ್ಯ ಸಾಧನೆ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ ೧೮೮೪ರಿಂದ ನಡೆದ ಕೆಲಸ. ೧೮೮೭ರಲ್ಲಿ ಪ್ರಕಟವಾದ 'ಅನಿಮಲ್ ಲೋಕೋಮೋಷನ್' ಸಂಪುಟಗಳಲ್ಲಿ ೭೮೧ ಫಲಕಗಳಿವೆ. ಶೀರ್ಷಿಕೆ ಪ್ರಾಣಿಗಳ ಚಲನೆಯೆಂದಿದ್ದರೂ ಐನೂರಕ್ಕೂ ಹೆಚ್ಚು ಫಲಕಗಳ ವಸ್ತು ಮನುಷ್ಯದೇಹವೇ. ಬದಿಯಿಂದ, ಮುಂದಿನಿಂದ, ಹಿಂದಿನಿಂದ ತೆಗೆದ ಚಿತ್ರಗಳನ್ನು ಸಾಲುಸಾಲಾಗಿ ಜೋಡಿಸಿ, ಹಿನ್ನೆಲೆಯಲ್ಲಿ ಅಳತೆಯ ಚೌಕಗಳನ್ನು ಎಳೆದು, ಪ್ರತಿ ಫಲಕಕ್ಕೂ ಸಂಖ್ಯೆ ನೀಡಲಾಗಿದೆ. ನೋಟಕ್ಕೆ ಇದು ವಿಜ್ಞಾನದ ದಫ್ತರದಂತಿದೆ.

ಆದರೆ ದಫ್ತರದೊಳಗಿರುವುದು ಬೇರೆಯೇ. ಗಂಡಸರು ಕುಸ್ತಿಯಾಡುತ್ತಾರೆ, ಓಡುತ್ತಾರೆ, ಇಟ್ಟಿಗೆ ಕಟ್ಟುತ್ತಾರೆ, ಮರಗೆಲಸ ಮಾಡುತ್ತಾರೆ. ಹೆಂಗಸರು ಹೂಜಿ ಹಿಡಿದು ನೀರು ಸುರಿಯುತ್ತಾರೆ, ಹಾಸಿಗೆಗೆ ಏರುತ್ತಾರೆ, ಬೀಸಣಿಗೆ ಹಿಡಿದು ತಿರುಗುತ್ತಾರೆ, ಒಬ್ಬಳ ಮೇಲೊಬ್ಬಳು ನೀರೆರಚುತ್ತಾರೆ. ಚಲನೆಯ ನಿಯಮವನ್ನು ತಿಳಿಯಲು ಇಂಥ ಪರಿಕರಗಳ, ಪುಟ್ಟ ಕಥೆಗಳ ಅಗತ್ಯವಿಲ್ಲ. ಯಾರು ಏನು ಮಾಡಬೇಕು ಎಂಬ ಆ ಕಾಲದ ತಿಳಿವಳಿಕೆ ಶರೀರಶಾಸ್ತ್ರದ ವೇಷದಲ್ಲಿ ಚೌಕಗಳ ಮುಂದೆ ಬಂದು ನಿಂತಿದೆ. ಅಳತೆಯ ಚೌಕಗಳ ಹಿನ್ನೆಲೆ ಮೊದಲು ಬಳಕೆಯಾದದ್ದು ಬೆನ್ ಬೇಯ್ಲಿ ಎಂಬ ಮಿಶ್ರಜನಾಂಗದ ಮುಷ್ಟಿಮಲ್ಲನನ್ನು ಚಿತ್ರಿಸುವಾಗ ಎಂಬುದನ್ನು ಎಲ್ಸ್‌ಪೆತ್ ಬ್ರೌನ್ ತಮ್ಮ ಅಧ್ಯಯನದಲ್ಲಿ ಎತ್ತಿ ತೋರಿಸಿದ್ದಾರೆ. ದೇಹಗಳನ್ನು ಅಳೆದು ಜನಾಂಗಗಳ ಶ್ರೇಣಿ ಕಟ್ಟುತ್ತಿದ್ದ ಮಾನವಮಿತಿಯ ಸಲಕರಣೆಯೇ ಈ ಚೌಕಗಳಿಗೂ ಮೂಲವಾಗಿತ್ತು. ಹಾಗೆ ನೋಡಿದರೆ ಆ ಹಿನ್ನೆಲೆಯನ್ನು ತಟಸ್ಥವೆನ್ನಲಾಗದು.

ಚಿತ್ರಗಳ ಅನುಕ್ರಮದ ಬಗೆಗೂ ಇದೇ ಮಾತು ಸಲ್ಲುತ್ತದೆ. ಮಾರ್ಟಾ ಬ್ರಾನ್ ಅವರ ಸಂಶೋಧನೆ ತೋರಿಸಿಕೊಟ್ಟಂತೆ ಗಣನೀಯ ಸಂಖ್ಯೆಯ ಫಲಕಗಳಲ್ಲಿ ಚಿತ್ರಗಳ ಸರಣಿ ಅಖಂಡವಲ್ಲ. ಹಾಳಾದ ಅಥವಾ ದೊರೆಯದ ಹಂತಗಳ ಜಾಗವನ್ನು ಬೇರೆ ಚಿತ್ರಗಳಿಂದ ತುಂಬಿ, ನೋಟಕ್ಕೆ ಒಪ್ಪುವಂತೆ ಸಾಲುಗಳನ್ನು ಹೊಂದಿಸಲಾಗಿದೆ. ಇದನ್ನು ಮೋಸವೆಂದು ತಳ್ಳಿಹಾಕುವುದು ಸರಿಯಲ್ಲ. ಛಾಯಾಗ್ರಾಹಕನಾಗಿ ಮೈಬ್ರಿಜ್‌ಗೆ ಪುಟದ ಸಮಗ್ರತೆ ಮುಖ್ಯವಾಗಿತ್ತು. ಎರಡು ಚೌಕಟ್ಟುಗಳ ನಡುವಿನ ಬಿಳಿಯ ಜಾಗವನ್ನು ನೋಡುಗನ ಕಣ್ಣು ತಾನೇ ತುಂಬಿಕೊಳ್ಳುತ್ತದೆ ಎಂಬುದನ್ನು ಅವನು ಬಲ್ಲವನಾಗಿದ್ದ. ತೊಂದರೆ ಹುಟ್ಟುವುದು ಈ ಜೋಡಣೆಯನ್ನು ಅಳತೆಯೆಂದು ಓದಿದಾಗ.

೫

ಕಲಾವಿದರ ಪ್ರತಿಕ್ರಿಯೆಯೂ ಏಕರೂಪವಾಗಿರಲಿಲ್ಲ. ಅಮೆರಿಕದ ವರ್ಣಚಿತ್ರಕಾರ ಥಾಮಸ್ ಏಕಿನ್ಸ್ ೧೮೭೯–೮೦ರಲ್ಲಿ ರಚಿಸಿದ ನಾಲ್ಕು ಕುದುರೆಗಳ ಸಾರೋಟಿನ ಚಿತ್ರ ಈ ದೃಷ್ಟಿಯಿಂದ ಮಹತ್ವದ್ದು. ಕುದುರೆಗಳ ಕಾಲುಗಳನ್ನು ಅವನು ಮೈಬ್ರಿಜ್‌ನ ಚಿತ್ರಗಳಿಗೆ ಅನುಗುಣವಾಗಿ ನಿಖರವಾಗಿ ಬರೆದ. ಚಕ್ರದ ಅರೆಕಾಲುಗಳನ್ನು ಮಾತ್ರ ಕಣ್ಣಿಗೆ ಕಾಣುವಂತೆ ಮಸುಕಾಗಿಸಿದ. ಹೀಗಾಗಿ ಒಂದೇ ಚಿತ್ರದಲ್ಲಿ ಚಕ್ರ ಉರುಳುತ್ತದೆ, ಕುದುರೆಗಳು ನಿಂತುಬಿಡುತ್ತವೆ. ಫಲಕದ ಸತ್ಯವೂ ಕಣ್ಣಿನ ಸತ್ಯವೂ ಒಂದೇ ಕ್ಯಾನ್ವಾಸಿನಲ್ಲಿ ಹೊಂದಿಕೊಳ್ಳದೆ ಉಳಿದವು. ಮುಂದೆ ಏಕಿನ್ಸ್ ತಾನೇ ಕ್ಯಾಮೆರಾ ಕೈಗೆತ್ತಿಕೊಂಡಾಗ ಆರಿಸಿಕೊಂಡದ್ದು ಮೈಬ್ರಿಜ್‌ನ ವಿಧಾನವನ್ನಲ್ಲ, ಮಾರೇಯ ಒಂದೇ ಫಲಕದ ವಿಧಾನವನ್ನು. ಚಿತ್ರಕಾರನು ಅಳತೆಯನ್ನು ಬಯಸಿದ, ಅಳತೆಯ ಹೊಣೆ ಹೊತ್ತ ಛಾಯಾಗ್ರಾಹಕನು ಪುಟದ ಅಂದವನ್ನು ಬಯಸಿದ. ಕಲೆ–ವಿಜ್ಞಾನಗಳ ಸರಳ ವಿಭಜನೆ ಇಲ್ಲಿ ತಲೆಕೆಳಗಾಗುತ್ತದೆ.

ಶಿಲ್ಪಿ ರೋಡಿನ್ನನ ಆಕ್ಷೇಪ ಇನ್ನೂ ಮೂಲಭೂತವಾದುದು. ೧೯೧೧ರಲ್ಲಿ ಪ್ರಕಟವಾದ, ಪಾಲ್ ಗ್ಸೆಲ್ ಸಂಗ್ರಹಿಸಿದ ಸಂಭಾಷಣೆಗಳಲ್ಲಿ ಅವನು ಕಲಾವಿದನೇ ಸತ್ಯವಂತ, ಛಾಯಾಚಿತ್ರವೇ ಸುಳ್ಳಾಡುವುದು ಎಂಬ ನಿಲುವು ತಳೆಯುತ್ತಾನೆ. ವಾಸ್ತವದಲ್ಲಿ ಕಾಲ ನಿಲ್ಲುವುದಿಲ್ಲವೆಂಬುದು ಅವನ ಕಾರಣ. ಶಿಲ್ಪದ ಒಂದು ಅಂಗ ಹಿಂದಿನ ಕ್ಷಣವನ್ನೂ ಮತ್ತೊಂದು ಮುಂದಿನ ಕ್ಷಣವನ್ನೂ ಸೂಚಿಸುವುದರಿಂದ ನೋಡುಗನ ಕಣ್ಣಿನಲ್ಲಿ ಚಲನೆ ಹುಟ್ಟುತ್ತದೆ. ಈ ವಾದಕ್ಕೆ ಬಲವಿದೆ. ಆದರೆ ಅದು ಅಪೂರ್ಣ. ಮಾರೇಯ ಫಲಕ ಒಂಟಿ ಕ್ಷಣದ ಚಿತ್ರವಲ್ಲ. ಅದು ಕ್ಷಣಗಳ ನಡುವಣ ಸಂಬಂಧವನ್ನು ತೋರಿಸುತ್ತದೆ. ರೋಡಿನ್ನನ ಟೀಕೆ ತಟ್ಟುವುದು ಒಂಟಿ ಕ್ಷಣವನ್ನೇ ಇಡೀ ಚಲನೆಯೆಂದು ಮುಂದಿಡುವ ಚಿತ್ರಕ್ಕೆ.

೬

ಈ ಚರ್ಚೆ ಕೇವಲ ಸೌಂದರ್ಯಮೀಮಾಂಸೆಗೆ ಸೀಮಿತವಲ್ಲ. ೧೮೭೦–೭೧ರ ಯುದ್ಧದ ಸೋಲಿನ ನಂತರ ಫ್ರಾನ್ಸ್ ತನ್ನ ಸೈನಿಕರ ದೇಹಬಲದ ಬಗ್ಗೆ ಚಿಂತಿತವಾಗಿತ್ತು; ಮಾರೇ ಮತ್ತು ಅವನ ಸಹಾಯಕ ಜಾರ್ಜ್ ದೆಮೆನಿಯ ಫಲಕಗಳಲ್ಲಿ ನಡೆಯುವವರು ಅನೇಕ ವೇಳೆ ಸೈನಿಕರೇ. ೧೮೯೫ರಲ್ಲಿ ವೈದ್ಯ ಫೆಲಿಕ್ಸ್-ಲೂಯಿ ರೆನ್ಯೋ ಪ್ಯಾರಿಸ್ಸಿನ ಜನಾಂಗ ಪ್ರದರ್ಶನಕ್ಕೆ ಕರೆತಂದ ಪಶ್ಚಿಮ ಆಫ್ರಿಕದವರ ನಡಿಗೆಯನ್ನೂ ಕೆಲಸವನ್ನೂ ಇದೇ ವಿಧಾನದಿಂದ ದಾಖಲಿಸಿದ. ೧೯೧೦ರ ದಶಕದಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು ಕಾರ್ಮಿಕರ ಕೈಗಳಿಗೆ ಪುಟ್ಟ ವಿದ್ಯುದ್ದೀಪಗಳನ್ನು ಕಟ್ಟಿ, ಕೆಲಸದ ಚಲನೆಯನ್ನು ಬೆಳಕಿನ ಗೆರೆಯಾಗಿ ಪಡೆದು, ಅನಗತ್ಯವೆನಿಸಿದ ಚಲನೆಯನ್ನು ಕಳೆಯಲು ಯತ್ನಿಸಿದರು. ಸೈನಿಕ, ವಸಾಹತಿನ ಪ್ರಜೆ, ಕಾರ್ಮಿಕ ಈ ಮೂವರಲ್ಲಿ ಯಾರೂ ತಮ್ಮ ಚಲನೆ ಹೇಗೆ ಓದಲ್ಪಡಬೇಕೆಂದು ನಿರ್ಧರಿಸಿದವರಲ್ಲ. ಕೀಲುಗಳಿಗೆ ಬಿಂದುಗಳನ್ನಂಟಿಸಿ ನಟನ ಚಲನೆಯನ್ನು ಕಂಪ್ಯೂಟರಿಗೆ ಇಳಿಸುವ ಇಂದಿನ ತಂತ್ರವೂ ಮಾರೇಯ ಕಪ್ಪು ಉಡುಪಿನ ನೇರ ಮುಂದುವರಿಕೆ. ಅಲ್ಲಿಯೂ ಚಲನೆ ಒಬ್ಬನದು, ಕಾಣುವ ದೇಹ ಮತ್ತೊಂದು.

ಆದುದರಿಂದ ಇಂಥ ಫಲಕಗಳನ್ನು ಅಧ್ಯಯನ ಮಾಡುವವರು ಅವು ಕಲೆಯೋ ವಿಜ್ಞಾನವೋ ಎಂದು ಕೇಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೇಳಬೇಕಾದದ್ದು ಇದು: ಈ ಚಿತ್ರದಲ್ಲಿ ಏನನ್ನು ಬಿಡಲಾಗಿದೆ, ಬಿಟ್ಟವರು ಯಾರು, ಬಿಟ್ಟ ಜಾಗದಲ್ಲಿ ಏನು ಬಂದು ಕುಳಿತಿದೆ? ಮಾರೇ ಬಿಟ್ಟದ್ದು ಎದ್ದು ಕಾಣುತ್ತದೆ. ಕಪ್ಪು ಹಿನ್ನೆಲೆಯೇ ಅದನ್ನು ಒಪ್ಪಿಕೊಳ್ಳುತ್ತದೆ. ಮೈಬ್ರಿಜ್ ಬಿಟ್ಟದ್ದು ಚೌಕಟ್ಟುಗಳ ಸಂದಿನಲ್ಲಿ ಅಡಗಿದೆ. 'ಅನಿಮಲ್ ಲೋಕೋಮೋಷನ್'ನ ಕೆಲವು ಫಲಕಗಳಲ್ಲಿ ಸುಮಾರು ಅರವತ್ತು ವಯಸ್ಸಿನ ಮಾಜಿ ವ್ಯಾಯಾಮಪಟುವೆಂದು ಹೆಸರಿಲ್ಲದೆ ನಮೂದಾಗಿರುವ ಬಿಳಿಗಡ್ಡದ ನಗ್ನ ವ್ಯಕ್ತಿ ಸ್ವತಃ ಮೈಬ್ರಿಜ್. ಆಗ ಅವನಿಗೆ ಐವತ್ತೈದರ ಆಸುಪಾಸು. ಇತರರನ್ನು ಸಂಖ್ಯೆಯಾಗಿಸಿದವನು ತನ್ನನ್ನೂ ಅದೇ ಚೌಕಗಳ ಮುಂದೆ ನಿಲ್ಲಿಸಿಕೊಂಡ. ಆದರೆ ಶಟರು ಯಾವಾಗ ತೆರೆಯಬೇಕು, ಯಾವ ಚಿತ್ರ ಪುಟದಲ್ಲಿ ಉಳಿಯಬೇಕು ಎಂಬ ಅಧಿಕಾರ ಆ ಫಲಕಗಳಲ್ಲಿ ನಿಂತವರ ಪೈಕಿ ಅವನೊಬ್ಬನಿಗೆ ಮಾತ್ರ ಇತ್ತು.