ಕಿಸೆಯೊಳಗಿನ ಹರಟೆ

ಕನ್ನಡದ ಪಾಡ್‌ಕಾಸ್ಟುಗಳಿಗೆ ಮಾತು ಶುರು ಮಾಡಲು ಚೆನ್ನಾಗಿ ಬರುತ್ತದೆ, ಮುಗಿಸಲು ಬರುವುದಿಲ್ಲ. ವರ್ಷಗಳಿಂದ ದಿನಾಲೂ ಕೇಳುತ್ತ ಬಂದವನಾಗಿ ನನ್ನ ದೊಡ್ಡ ತಕರಾರು ಇದೇ. ವಿಷಯಕ್ಕೆ ಬರವಿಲ್ಲ, ಮಾತುಗಾರರಿಗೆ ಬರವಿಲ್ಲ, ಕೇಳುವವರೂ ಇದ್ದಾರೆ. ಆದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದ ಮಾತು ಎರಡೂವರೆ ಗಂಟೆ ಎಳೆಯುತ್ತದೆ. ಮೊದಲ ಕಾಲು ಗಂಟೆ "ಸರ್, ನಿಮ್ಮ ಬಾಲ್ಯ ಹೇಗಿತ್ತು" ಎಂಬಲ್ಲೇ ಹೋಗುತ್ತದೆ. ಅತಿಥಿ ನಿಜವಾಗಿ ಬಲ್ಲ ಸಂಗತಿಗೆ ಬರುವ ಹೊತ್ತಿಗೆ ಕೇಳುಗ ಬಸ್ಸಿಳಿದಿರುತ್ತಾನೆ.

ಈ ದೂರು ಬೆಂಗಳೂರಿನ ಕೇಳುಗನಿಗೆ ಅಷ್ಟಾಗಿ ತಟ್ಟಲಿಕ್ಕಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನಿಗೆ ಎರಡೂವರೆ ಗಂಟೆ ಹೆಚ್ಚೇನಲ್ಲ. ನಮ್ಮ ಮಾಸೂರಿನಿಂದ ರಟ್ಟಿಹಳ್ಳಿಗೋ ಹಿರೇಕೆರೂರಿಗೋ ಹೋಗುವವನ ಲೆಕ್ಕ ಬೇರೆ. ಅದರ ಮೇಲೆ ಇಲ್ಲಿಯ ಕಿವಿ ರೇಡಿಯೋದ ಹದದಲ್ಲಿ ಬೆಳೆದದ್ದು. ಹಾವೇರಿ ಜಿಲ್ಲೆಯ ಈ ದಕ್ಷಿಣದ ಅಂಚಿನಲ್ಲಿ, ಶಿಕಾರಿಪುರದ ಗಡಿಗೆ ತಾಗಿಕೊಂಡ ಊರಿನಲ್ಲಿ, ರೇಡಿಯೋದ ಮುಳ್ಳು ತಿರುಗಿಸಿದರೆ ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಭದ್ರಾವತಿ. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು, ಭದ್ರಾವತಿಯದು 1965ರಲ್ಲಿ. ಎರಡೂ ಕಡೆಯ ಮಾತಿಗೆ ಒಂದು ಶಿಸ್ತಿತ್ತು. ಭಾಷಣ ಮಾಡುವವರು ಬರೆದುಕೊಂಡು ಬರಬೇಕು, ಬರೆದದ್ದನ್ನು ಇನ್ನೊಬ್ಬರು ಓದಿ ನೋಡುತ್ತಾರೆ, ಗಡಿಯಾರ ಎದುರಿಗೇ ಇರುತ್ತದೆ. ಎನ್ಕೆ ಕುಲಕರ್ಣಿಯವರಂಥ ನಗೆಯ ಲೇಖಕರು ಧಾರವಾಡ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಬರವಣಿಗೆ ಬಲ್ಲವರ ಕೈ ಧ್ವನಿಯ ಹಿಂದೆ ಇತ್ತು. ಸರಕಾರಿ ಬಿಗುವು, ಸರಕಾರಿ ಹೊಗಳಿಕೆ ಎಲ್ಲ ಇದ್ದವು, ಇಲ್ಲವೆನ್ನಲಾರೆ. ಆದರೆ ಕೇಳುವವನ ಹೊತ್ತಿಗೆ ಬೆಲೆಯಿದೆ ಎಂಬ ತಿಳಿವಳಿಕೆ ಆ ಶಿಸ್ತಿನಲ್ಲಿತ್ತು.

ಈ ಭಾಗದಲ್ಲಿ ಕಿವಿಗೆ ಬಿಡುವಿರುವ ಜನ ಯಾರು ಎಂಬುದನ್ನೂ ಹೇಳಬೇಕು. ರಾಣೆಬೆನ್ನೂರು, ಹಿರೇಕೆರೂರು ಸುತ್ತಮುತ್ತ ಹತ್ತಿ ಮತ್ತು ತರಕಾರಿಯ ಹೈಬ್ರಿಡ್ ಬೀಜ ಬೆಳೆಯುವ ಹೊಲಗಳಿವೆ. ಅಲ್ಲಿ ಕ್ರಾಸಿಂಗ್ ಮಾಡುತ್ತಾರೆ. ಸಂಜೆ ಹತ್ತಿಯ ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆದು ಗುರುತು ಇಡುವುದು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂ ತಂದು ಅದರ ಪರಾಗವನ್ನು ಒಂದೊಂದಕ್ಕೂ ಮುಟ್ಟಿಸುವುದು. ಕೈ ಬಿಡುವಿಲ್ಲ, ಕಣ್ಣು ಅತ್ತಿತ್ತ ಆಡಿಸುವಂತಿಲ್ಲ, ಕಿವಿ ಮಾತ್ರ ಖಾಲಿ. ಸಾಲಿನ ನಡುವೆ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಣ್ಣುಮಕ್ಕಳ ಕಿಸೆಯಲ್ಲಿ ಫೋನು ಹಾಡುತ್ತಿರುತ್ತದೆ. ಪಾಡ್‌ಕಾಸ್ಟ್ ಎಂಬುದಕ್ಕೆ ಇದಕ್ಕಿಂತ ತಕ್ಕ ಕೇಳುಗರು ಸಿಗಲಾರರು. ಅವರು ಕೇಳುವುದು ಸಿನಿಮಾ ಹಾಡು, ಜನಪದ ಹಾಡು, ಪ್ರವಚನ. ಅವರಿಗೆಂದು ಯಾರೂ ಮಾತಾಡಿಲ್ಲ.

ಇಷ್ಟು ಹೇಳಿದ ಮೇಲೆ, ಕನ್ನಡದಲ್ಲಿ ಪಾಡ್‌ಕಾಸ್ಟ್ ಹೇಗೆ ಬೆಳೆಯಿತು ಎಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2005ರಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟಿಗೆ ಜಾಗ ಕೊಟ್ಟಿತು. ಅದೇ ವರ್ಷ ಹರಿಪ್ರಸಾದ್ ನಾಡಿಗರು ಆರಂಭಿಸಿದ 'ಸಂಪದ' ಜಾಲತಾಣ ಮುಂದೆ ಸಾಹಿತಿಗಳ ಸಂದರ್ಶನಗಳನ್ನು ಧ್ವನಿಯಲ್ಲೇ ಕೊಡುವ ಪ್ರಯತ್ನ ಮಾಡಿತು. ಅಂದರೆ ಕನ್ನಡ ಹಿಂದೆ ಬಿದ್ದಿರಲಿಲ್ಲ. ಆದರೆ ಆಗ ನಮ್ಮೂರಲ್ಲಿ ಇಂಟರ್‌ನೆಟ್ ಎಂದರೆ ಪೇಟೆಯ ಕೆಫೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆಯೇ ಕಿಸೆಯ ಫೋನಿಗೆ ಧ್ವನಿ ಇಳಿಸಿಕೊಳ್ಳುವುದು ಹಗುರವಾಯಿತು. 2018ರಲ್ಲಿ 'ತಲೆ-ಹರಟೆ' ಬಂತು, 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಕಾಲಿಟ್ಟಿತು, ಲಾಕ್‌ಡೌನ್ ಕಾಲದಲ್ಲಿ ಮನೆಗೊಂದು ಮೈಕು ಎಂಬಂತಾಯಿತು.

'ತಲೆ-ಹರಟೆ'ಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಕನ್ನಡದಲ್ಲಿ ಪಟ್ಟು ಬಿಡದೆ ನಡೆದ ಪಾಡ್‌ಕಾಸ್ಟುಗಳ ಮುಂಚೂಣಿಯಲ್ಲಿ ಅದಿದೆ. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ, ಸೂರ್ಯ ಪ್ರಕಾಶ್ ಸೇರಿ ಮುಂಬೈಯ ಐವಿಎಂ ಪಾಡ್‌ಕಾಸ್ಟ್ ಸಂಸ್ಥೆಯ ಜೊತೆ ಶುರು ಮಾಡಿದ್ದು. ನೂರಕ್ಕೂ ಹೆಚ್ಚು ಕಂತು ದಾಟಿದ್ದು. ಆಡಳಿತ, ಅರ್ಥವ್ಯವಸ್ಥೆ, ವಿಜ್ಞಾನ, ಸಿನಿಮಾ, ಭಾಷೆ ಹೀಗೆ ಯಾವುದನ್ನೂ ಬಿಡದೆ, ಬಲ್ಲವರನ್ನು ಕರೆಸಿ ಕೂರಿಸಿ ಮಾತಾಡಿಸಿದರು. ಇದರ ದೊಡ್ಡ ಗುಣ, ಪ್ರಶ್ನೆ ಕೇಳುವವರಿಗೆ ವಿಷಯದಲ್ಲಿ ನಿಜವಾದ ಕುತೂಹಲವಿದೆ. ಅತಿಥಿಯ ಎದುರು ಕೈಮುಗಿದು ಕೂರುವುದಿಲ್ಲ, "ಅದು ಹಾಗಲ್ಲವಲ್ಲ" ಎಂದು ನಡುವೆ ಎಳೆಯುತ್ತಾರೆ. ಕಟ್ಟೆಯ ಮೇಲೆ ಕೂತು ಕೇಳಿದ ಹಾಗೆ ಇರುತ್ತದೆ. ಹೆಸರಿನಲ್ಲಿ ತುಂಟತನವಿದ್ದರೂ ಒಳಗೆ ಓದು ಇದೆ.

ಅದರ ಕನ್ನಡ ನಗರದ ಕನ್ನಡ. ವಾಕ್ಯದ ಕ್ರಿಯಾಪದ ಕನ್ನಡದ್ದು, ಉಳಿದದ್ದು ಇಂಗ್ಲಿಷಿನದು ಎಂಬಂಥ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾನು ಶುದ್ಧ ಕನ್ನಡದ ಪಕ್ಷದವನಲ್ಲ. ಬಸ್ಸು, ಪಂಪಸೆಟ್ಟು, ಲೋನು, ಸಬ್ಸಿಡಿ ಇಲ್ಲದೆ ನಮ್ಮೂರಲ್ಲೂ ದಿನ ಹೋಗುವುದಿಲ್ಲ. ತೊಡಕು ಬೇರೆಯದು. ವಿಚಾರದ ಮುಖ್ಯ ಗಂಟು ಬಂದ ಕಡೆಯೇ ಮಾತು ಇಂಗ್ಲಿಷಿಗೆ ಜಾರುತ್ತದೆ, ತಮಾಷೆ ಮಾತ್ರ ಕನ್ನಡದಲ್ಲಿ ಉಳಿಯುತ್ತದೆ. ತೆರಿಗೆ ಹಂಚಿಕೆಯ ಕುರಿತ ಚರ್ಚೆಯನ್ನು ಹತ್ತನೇ ಇಯತ್ತೆ ಓದಿದ ರೈತ ಕೇಳಿದರೆ ನಗು ಎಲ್ಲಿ ಬಂತೆಂದು ಗೊತ್ತಾಗುತ್ತದೆ, ಲೆಕ್ಕ ಎಲ್ಲಿ ತಪ್ಪಿತೆಂದು ಗೊತ್ತಾಗುವುದಿಲ್ಲ. ಇದನ್ನು ಕೊರತೆ ಎಂದೇ ಹೇಳುತ್ತೇನೆ. ಹಾಗಿದ್ದೂ ಕನ್ನಡದಲ್ಲಿ ಗಂಭೀರ ಮಾತುಕತೆಗೆ ಕಿವಿಗಳಿವೆ ಎಂದು ತೋರಿಸಿಕೊಟ್ಟವರಲ್ಲಿ ಇವರೂ ಸೇರಿದ್ದಾರೆ.

ಸಾಹಿತ್ಯದ ಕಡೆ ಪರಿಸ್ಥಿತಿ ಇದಕ್ಕಿಂತ ಸಮಾಧಾನಕರ. 'ಋತುಮಾನ' ಜಾಲತಾಣ ಉಪನ್ಯಾಸ, ಮಾತುಕತೆ, ಕಥಾವಾಚನಗಳನ್ನು ಕೇಳಲು ಕೊಡುತ್ತ ಬಂದಿದೆ. ಪವಮಾನ ಅಥಣಿ ಮತ್ತು ವಸಂತ ಶೆಟ್ಟಿ 2020ರಲ್ಲಿ ಶುರು ಮಾಡಿದ 'ಮೈಲ್ಯಾಂಗ್' ಕನ್ನಡ ಪುಸ್ತಕಗಳನ್ನು ಓದಿಸಿ ಮಾರುತ್ತದೆ. ಅದು ಪಾಡ್‌ಕಾಸ್ಟ್ ಅಲ್ಲ, ದುಡ್ಡು ಕೊಟ್ಟು ಕೇಳುವ ಪುಸ್ತಕ. ಆದರೂ ಒಂದೇ ಕಿವಿಯ ಹೊತ್ತಿಗಾಗಿ ಎರಡೂ ಪೈಪೋಟಿ ಮಾಡುವುದರಿಂದ ಇಲ್ಲಿ ಹೇಳಿದೆ. 'ಪ್ರಜಾವಾಣಿ' ತನ್ನ ಸಂಪಾದಕೀಯವನ್ನು ಓದಿ ಕೇಳಿಸುತ್ತದೆ. ಕೆಲವೇ ನಿಮಿಷ, ಬರೆದ ಮಾತು, ಶುರು ಎಲ್ಲಿ ಕೊನೆ ಎಲ್ಲಿ ಎಂದು ಓದುವವರಿಗೆ ಗೊತ್ತು. ಬೆಳಗಿನ ಚಹಾದ ಹೊತ್ತಿಗೆ ಅಷ್ಟು ಸಾಕು. ಕಥೆ ಓದುವವರಲ್ಲಿ ಒಂದು ರೋಗ ಮಾತ್ರ ವ್ಯಾಪಕವಾಗಿದೆ. ದುಃಖದ ಸಾಲು ಬಂದ ಕೂಡಲೇ ಹಿಂದೆ ಕೊಳಲು, ಭಯದ ಸಾಲಿಗೆ ಗುಡುಗು. ಒಳ್ಳೆಯ ಕತೆಗೆ ಇದು ಬೇಡ, ಕೆಟ್ಟ ಕತೆಯನ್ನು ಇದು ಉಳಿಸುವುದಿಲ್ಲ. ಕುಕು ಎಫ್‌ಎಂ, ಪಾಕೆಟ್ ಎಫ್‌ಎಂಗಳ ಧಾರಾವಾಹಿಗಳಂತೂ ಪ್ರತಿ ಹತ್ತು ನಿಮಿಷಕ್ಕೊಂದು ಕೊಂಡಿ ಹಾಕಿ ಮುಂದಿನ ಕಂತಿಗೆ ಎಳೆಯುವ ವ್ಯಾಪಾರ. ನಾನು ಕೇಳಿದ ಕೆಲವಕ್ಕೆ ಹಿಂದಿಯಿಂದ ಅವಸರದಲ್ಲಿ ಇಳಿಸಿದ ವಾಸನೆ ಹೊಡೆಯುತ್ತಿತ್ತು. ಆ ಕಡೆ ನಾನು ಹೋಗುವುದನ್ನು ಬಿಟ್ಟಿದ್ದೇನೆ.

ಈಗ ಪಾಡ್‌ಕಾಸ್ಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಯೂಟ್ಯೂಬಿನಲ್ಲಿ ದಪ್ಪ ಮೈಕು ಮುಂದಿಟ್ಟುಕೊಂಡು ಇಬ್ಬರು ಎದುರುಬದುರು ಕೂತ ಚಿತ್ರ. 'ಕಲಾಮಾಧ್ಯಮ', 'ಗೌರೀಶ್ ಅಕ್ಕಿ ಸ್ಟುಡಿಯೋ' ಮೊದಲಾದವು ದೀರ್ಘ ಸಂದರ್ಶನಗಳ ರಾಶಿಯನ್ನೇ ಹಾಕಿವೆ. ಇದರಲ್ಲಿ ಬೆಲೆಬಾಳುವ ದಾಖಲೆಗಳಿವೆ. ರಂಗಭೂಮಿಯ, ಹಳೆಯ ಸಿನಿಮಾದ ಹಿರಿಯರು ತಮ್ಮ ಬಾಯಿಂದಲೇ ಹೇಳಿದ ಸಂಗತಿಗಳು ಬೇರೆಲ್ಲೂ ಸಿಗುವುದಿಲ್ಲ. ಆದರೆ ಇವು ಕಣ್ಣಿಗೆಂದು ಮಾಡಿದವು. "ಈ ಫೋಟೋ ನೋಡಿ, ಇಲ್ಲಿ ನಿಂತವರು ಯಾರು ಅಂತ ಹೇಳಿ" ಎಂದರೆ ಕಿಸೆಯಲ್ಲಿ ಫೋನಿಟ್ಟವನು ಏನು ಮಾಡಬೇಕು? ಇನ್ನೊಂದು ತೊಡಕು ದೊಡ್ಡದು, ಅದನ್ನು ಮಾಡುವವರು ಯೋಚಿಸುವುದೇ ಇಲ್ಲ. ಯೂಟ್ಯೂಬಿನಲ್ಲಿ ಪ್ರೀಮಿಯಂಗೆ ದುಡ್ಡು ಕಟ್ಟದವನ ಫೋನಿನ ಪರದೆ ಆರಿದರೆ ಮಾತೂ ನಿಲ್ಲುತ್ತದೆ. ಪರದೆ ಬೆಳಗಿಸಿಕೊಂಡೇ ಕಿಸೆಯಲ್ಲಿಟ್ಟರೆ ತೊಡೆ ತಾಗಿ ಇನ್ನೇನೋ ಶುರುವಾಗುತ್ತದೆ, ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ಕ್ರಾಸಿಂಗ್ ಸಾಲಿನಲ್ಲಿ ನಿಂತವಳಿಗೆ ಈ ಪಾಡ್‌ಕಾಸ್ಟು ಇದ್ದೂ ಇಲ್ಲದ ಹಾಗೆ.

ನಿಜವಾದ ಪಾಡ್‌ಕಾಸ್ಟಿನ ಬೆನ್ನೆಲುಬು ಆರ್‌ಎಸ್‌ಎಸ್ ಫೀಡ್. (ನಗಬೇಡಿ, ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ.) ಮಾಡಿದವರು ಧ್ವನಿಯ ಫೈಲನ್ನು ಒಂದು ಕಡೆ ಇಟ್ಟು, ಅದರ ಪಟ್ಟಿಯನ್ನು ಬಹಿರಂಗವಾಗಿ ಇಡುತ್ತಾರೆ. ಯಾವ ಆ್ಯಪ್ ಬೇಕಾದರೂ ಆ ಪಟ್ಟಿ ಓದಿ ಹೊಸ ಕಂತನ್ನು ತಾನೇ ಇಳಿಸಿಕೊಳ್ಳುತ್ತದೆ. ರಾತ್ರಿ ವೈಫೈ ಇದ್ದಲ್ಲಿ ಇಳಿಸಿಕೊಂಡರೆ ಬೆಳಿಗ್ಗೆ ಸಿಗ್ನಲ್ ಇಲ್ಲದ ಹೊಲದಲ್ಲೂ ಕೇಳಬಹುದು. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು ಮುಚ್ಚಿತು. ಚಂದಾದಾರಿಕೆಯ ಪಟ್ಟಿಯನ್ನು ಹೊರತೆಗೆದುಕೊಂಡವರು ಬೇರೆ ಆ್ಯಪಿಗೆ ಹೋಗಿ ಅವೇ ಕಾರ್ಯಕ್ರಮಗಳನ್ನು ಕೇಳುತ್ತ ಮುಂದುವರಿದರು. ಯೂಟ್ಯೂಬಿನ ಚಾನೆಲ್ಲಿಗೆ ಈ ಅನುಕೂಲವಿಲ್ಲ.

ಇನ್ನು ಒಳ್ಳೆಯ ಕನ್ನಡ ಪಾಡ್‌ಕಾಸ್ಟನ್ನು ಹುಡುಕುವುದೇ ಒಂದು ಉದ್ಯೋಗ. ಕನ್ನಡ ಲಿಪಿಯಲ್ಲಿ 'ಕಥೆ' ಎಂದು ಬರೆದರೆ ಒಂದು ಪಟ್ಟಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಇನ್ನೊಂದು, ನಡುವೆ ಎಚ್ ಬಿಟ್ಟರೆ ಮತ್ತೊಂದು. ಮೇಲೆ ಬರುವುದು ಬಹುಪಾಲು ಯಶಸ್ಸಿನ ಸೂತ್ರ, ಜಾತಕ, ಬೆಳಗಿನ ಸ್ಫೂರ್ತಿ. ಲಾಕ್‌ಡೌನಿನಲ್ಲಿ ಶುರುವಾಗಿ ಮೂರ್ನಾಲ್ಕು ಕಂತಿಗೆ ಉಸಿರು ನಿಲ್ಲಿಸಿದವು ಇನ್ನೂ ಪಟ್ಟಿಯಲ್ಲಿ ಮಲಗಿವೆ. ಹಾಗಾಗಿ ನಾನು ಕಾರ್ಯಕ್ರಮದ ಹೆಸರು ಹುಡುಕುವುದಿಲ್ಲ, ವ್ಯಕ್ತಿಯ ಹೆಸರು ಹುಡುಕುತ್ತೇನೆ. ಪುಸ್ತಕ ಓದಿ ಮೆಚ್ಚಿದ ಲೇಖಕ, ಪತ್ರಿಕೆಯಲ್ಲಿ ಒಳ್ಳೆಯ ಲೇಖನ ಬರೆದ ಕೃಷಿ ವಿಜ್ಞಾನಿ, ಇವರು ಎಲ್ಲಿ ಮಾತಾಡಿದ್ದಾರೆ ಎಂದು ನೋಡುತ್ತ ಹೋದರೆ ಒಳ್ಳೆಯ ಕಾರ್ಯಕ್ರಮಕ್ಕೆ ತಾನಾಗಿ ದಾರಿ ಸಿಗುತ್ತದೆ. ಮೊದಲ ಕಂತಿನಿಂದ ಅಳೆಯುವುದೂ ಸರಿಯಲ್ಲ. ಅದರಲ್ಲಿ ಎಲ್ಲರೂ ತಡವರಿಸುತ್ತಾರೆ. ನಡುವಿನದೊಂದು ಕಂತನ್ನು ತೆಗೆದು, ಹದಿನೈದನೇ ನಿಮಿಷದಿಂದ ಹಚ್ಚಬೇಕು. ಅಲ್ಲಿ ಅತಿಥಿ ಮಾತಾಡುತ್ತಿದ್ದರೆ ಸರಿ. ನಿರೂಪಕರು ಇನ್ನೂ ತಮ್ಮ ಪ್ರಶ್ನೆಯನ್ನೇ ವಿವರಿಸುತ್ತಿದ್ದರೆ ಮುಂದೆ ಹೋಗಬಹುದು. ಹಳೆಯ ರೇಡಿಯೋ ನಾಟಕ, ಭಾಷಣ ಬೇಕೆನ್ನುವವರು ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಆ್ಯಪಿನಲ್ಲಿ ಆಕಾಶವಾಣಿ ಕೇಂದ್ರಗಳನ್ನು ನೇರವಾಗಿ ಕೇಳಬಹುದು. ಮಧ್ಯಮ ತರಂಗದ ಗೊರಗೊರ ಇಲ್ಲ, ಆದರೆ ಬೇಕೆಂದಾಗ ಬೇಕಾದದ್ದು ಸಿಗುವುದಿಲ್ಲ, ಅವರ ಹೊತ್ತಿಗೆ ನಾವೇ ಕಾಯಬೇಕು.

ಇಷ್ಟೆಲ್ಲ ಕೇಳಿದ ಮೇಲೂ ಒಂದು ಖಾಲಿ ಜಾಗ ಉಳಿಯುತ್ತದೆ. ಹಾವೇರಿ ಸೀಮೆಯ ದನಿ ಇದರಲ್ಲಿ ಎಲ್ಲಿದೆ? ಕುಮುದ್ವತಿ ನದಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ-ಮಾಸೂರು ಕೆರೆ ನಮ್ಮ ಬಗಲಲ್ಲೇ ಇದೆ. ಆ ಏರಿ, ಆ ತೂಬು, ಅದರ ನೀರು ನಂಬಿದ ಊರುಗಳು, ಇವುಗಳ ಕುರಿತು ಎಂಜಿನಿಯರರೊಬ್ಬರನ್ನೂ ನೀರುಗಂಟಿಯ ಮನೆತನದವರೊಬ್ಬರನ್ನೂ ಎದುರುಬದುರು ಕೂರಿಸಿದರೆ ಸೊಗಸಾದ ಒಂದು ಗಂಟೆಯಾಗುತ್ತದೆ. ಸರ್ವಜ್ಞನ ತಂದೆ ಮಾಸೂರಿನವನು, ತಾಯಿ ಅಬಲೂರಿನವಳು ಎಂಬುದು ಇಲ್ಲಿಯ ನಂಬಿಕೆ. ಅವನು ಯಾರ ಊರಿನವನೆಂಬ ಹಗ್ಗಜಗ್ಗಾಟ ಇವತ್ತಿಗೂ ಇದೆ. ಎರಡೂ ಊರಿನವರ ವಾದವನ್ನು ಅವರವರ ಮಾತಿನಲ್ಲೇ ಕೇಳಿಸಿ, ಕೊನೆಗೆ ವಿದ್ವಾಂಸರೊಬ್ಬರನ್ನು ಮಾತಾಡಿಸುವುದಕ್ಕೆ ದೊಡ್ಡ ಸ್ಟುಡಿಯೋ ಏನೂ ಬೇಡ. ಮೂರೇ ಸಾಲಿನಲ್ಲಿ ಮಾತು ಮುಗಿಸಿದ ಕವಿಯ ಬಗ್ಗೆ ಎರಡೂವರೆ ಗಂಟೆ ಮಾತಾಡದಿದ್ದರೆ ಸಾಕು.

ಇದು ಆಗದ ಮಾತೇನಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಕೇಂದ್ರ, ರೇಡಿಯೋ ಪರವಾನಗಿ ಹಳ್ಳಿಗರಿಗೆ ಸಿಗದಿದ್ದ ಕಾಲದಲ್ಲೇ, ಕೇಬಲ್ ತಂತಿಯ ಮೂಲಕ ಮನೆಮನೆಗೆ ಧ್ವನಿ ಮುಟ್ಟಿಸಿತು. ಮಾತಾಡಿದವರು ಆ ಊರಿನ ಹೆಣ್ಣುಮಕ್ಕಳು, ರೈತರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಕೃಷಿ ಸಮುದಾಯ ಬಾನುಲಿಯನ್ನು ತೆರೆಯಿತು. ಅವಕ್ಕೆ ಬೇಕಿದ್ದ ತಂತಿ, ಗೋಪುರ, ಪರವಾನಗಿ ಪಾಡ್‌ಕಾಸ್ಟಿಗೆ ಯಾವುದೂ ಬೇಡ.

ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುವವರಲ್ಲಿ ನನ್ನ ಅಹವಾಲು ಇಷ್ಟು. ವಿಡಿಯೋ ಹಾಕಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಬರೀ ಧ್ವನಿಯ ಫೀಡನ್ನೂ ಇಡಿ. ಕಂತಿನ ಹೆಸರನ್ನು ಕನ್ನಡ ಲಿಪಿಯಲ್ಲೂ ಬರೆಯಿರಿ, ಯಾವ ನಿಮಿಷಕ್ಕೆ ಏನಿದೆ ಎಂದು ಕೆಳಗೆ ನಾಲ್ಕು ಸಾಲು ಹಾಕಿ. ಬಾಲ್ಯದ ಪ್ರಶ್ನೆಯನ್ನು ಕತ್ತರಿಸಿ. ಕಷ್ಟದ ವಿಚಾರ ಬಂದಾಗ ಕನ್ನಡವನ್ನು ಕೈಬಿಡಬೇಡಿ. ಮುಂದಿನ ಸುಗ್ಗಿಯೊಳಗೆ ಯಾರಾದರೊಬ್ಬರು ಮೈಕು ಹಿಡಿದು ಹಿರೇಕೆರೂರು ಕಡೆಯ ಬೀಜದ ಹೊಲಗಳಿಗೆ ಬಂದು, ಅಲ್ಲಿ ಕೆಲಸ ಮಾಡುವವರನ್ನು ಮೊದಲು ಕೇಳಿ, ಆಮೇಲೆ ಅವರಿಗೆಂದು ಮಾತಾಡಿ.