ನೊಲ್ಡೆಯ ‘ಪ್ರವಾದಿ’: ಕಾಲವಿಲ್ಲದ ಮುಖ

ಎಮಿಲ್ ನೊಲ್ಡೆ 1912ರಲ್ಲಿ ಮರದ ಹಲಗೆಯ ಮೇಲೆ ಕೊರೆದು ಮುದ್ರಿಸಿದ ‘ಪ್ರವಾದಿ’ಯು ಜರ್ಮನ್ ಅಭಿವ್ಯಕ್ತಿವಾದದ ಅತಿ ಪರಿಚಿತ ಮುಖಗಳಲ್ಲೊಂದು. ಗುಳಿಬಿದ್ದ ಕಣ್ಣುಗಳು, ಬತ್ತಿದ ಕೆನ್ನೆ, ಹೆಗಲೇ ಕಾಣದಂತೆ ಕತ್ತಲೆಯಿಂದ ಹೊರಬಂದ ಗಡ್ಡದ ಮುಖ. ಮರದಚ್ಚಿನಲ್ಲಿ ಕೊರೆದು ತೆಗೆದದ್ದೇ ಬೆಳಕು, ಉಳಿಸಿದ್ದೇ ಕಪ್ಪು, ನಡುಬಣ್ಣಕ್ಕೆ ಎಡೆಯಿಲ್ಲ. ಯೌವನದಲ್ಲಿ ಫ್ಲೆನ್ಸ್‌ಬುರ್ಗಿನ ಪೀಠೋಪಕರಣದ ಕಾರ್ಖಾನೆಯಲ್ಲಿ ಮರಗೆತ್ತನೆ ಕಲಿತ ಈ ಕೈಗೆ ಉಳಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಇದು ಶ್ರೇಷ್ಠ ಕೃತಿಯೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಶ್ರಮದಿನಗಳಲ್ಲಿ ಇದನ್ನು ಪ್ರಾರ್ಥನಾಲಯದಲ್ಲಿ ಇಡಬಹುದೇ? ನೊಲ್ಡೆ 1934ರಲ್ಲಿ ನಾಜಿ ಪಕ್ಷವನ್ನು ಸೇರಿದನು. ಯೆಹೂದ್ಯದ್ವೇಷವನ್ನು ತನ್ನ ಆತ್ಮಕಥೆಯಲ್ಲಿಯೇ ಅಚ್ಚು ಮಾಡಿಸಿದನು. 1937ರಲ್ಲಿ ನಾಜಿಗಳು ಅವನ ಸಾವಿರಕ್ಕೂ ಮಿಕ್ಕಿದ ಕೃತಿಗಳನ್ನು ‘ಅಧಃಪತಿತ ಕಲೆ’ಯೆಂದು ಸಂಗ್ರಹಾಲಯಗಳಿಂದ ತೆಗೆಸಿದ್ದರಿಂದ, ಯುದ್ಧಾನಂತರ ಅವನು ಬಹುಕಾಲ ಬಲಿಪಶುವೆಂದೇ ಗೌರವಿಸಲ್ಪಟ್ಟನು.

ಕಲಾವಿದನೇ ಬೇರೆ, ಕೃತಿಯೇ ಬೇರೆ ಎಂದು ದಾಟಿಬಿಡುವುದು ಸುಲಭ. 1912ರ ಹಲಗೆಯಲ್ಲಿ ಮುಂದಿನ ದ್ವೇಷವನ್ನು ಹುಡುಕುವುದು ನ್ಯಾಯವಲ್ಲ, ನಿಜ. ಆದರೂ ಹಲಗೆಯಲ್ಲಿ ಇಲ್ಲದಿರುವುದನ್ನು ನಾವು ಗಮನಿಸಲೇಬೇಕು. ಈ ಪ್ರವಾದಿಗೆ ಹೆಸರಿಲ್ಲ, ಜನಾಂಗವಿಲ್ಲ, ಗದರಿಸಲು ಎದುರಿಗೊಬ್ಬ ಅರಸನಿಲ್ಲ. ಯೆಶಾಯನಾದರೋ ತನ್ನ ದರ್ಶನವನ್ನು ಉಜ್ಜೀಯನ ಮರಣದ ವರ್ಷಕ್ಕೆ ಕಟ್ಟಿಹಾಕುತ್ತಾನೆ. ಆಮೋಸನ ಗ್ರಂಥ ಭೂಕಂಪದಿಂದ ಕಾಲವನ್ನು ಎಣಿಸುತ್ತದೆ. ಇಸ್ರಾಯೇಲನ್ನು ಬಿಟ್ಟರೆ ಪ್ರವಾದಿಯಲ್ಲಿ ಉಳಿಯುವುದು ಭಾವತೀವ್ರತೆ ಮಾತ್ರ. ಅದನ್ನು ಯಾರು ಬೇಕಾದರೂ ತಮ್ಮದಾಗಿಸಿಕೊಳ್ಳಬಹುದು, ದ್ವೇಷಿಸುವವರೂ ಸಹ.

ನೊಲ್ಡೆಯನ್ನು 1906ರಲ್ಲಿ ಡ್ರೆಸ್ಡೆನಿನ ‘ಸೇತುವೆ’ ಬಳಗಕ್ಕೆ ಆಹ್ವಾನಿಸಿದ ಕಾರ್ಲ್ ಶ್ಮಿಟ್-ರೊಟ್ಲುಫ್ ಬೇರೊಂದು ದಾರಿ ಹಿಡಿದನು. ಮಹಾಯುದ್ಧದ ಪೂರ್ವರಂಗದಲ್ಲಿ ಸೈನಿಕನಾಗಿದ್ದ ಅವನು ಕೊರೆದ ಕ್ರಿಸ್ತನ ಮುಖ ಒರಟು: ಕಣ್ಣುಗಳಲ್ಲಿ ಒಂದು ತೆರೆದಿದೆ, ಇನ್ನೊಂದು ಮುಚ್ಚಿದೆ, ಮೂಗು ಕೊಡಲಿಯಿಂದ ಕಡಿದಂತಿದೆ. ಕುಶಲತೆಯಲ್ಲಿ ಇದು ನೊಲ್ಡೆಯ ಕೃತಿಗೆ ಸಮವಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೆ ಹಣೆಯ ಮೇಲೆ 1918 ಎಂಬ ಅಂಕಿಗಳಿವೆ. ಕೆಳಗೆ, ಕ್ರಿಸ್ತನು ನಿಮಗೆ ಕಾಣಿಸಿಕೊಳ್ಳಲಿಲ್ಲವೇ ಎಂಬರ್ಥದ ಪ್ರಶ್ನೆಯಿದೆ. ಅಚ್ಚಿನಲ್ಲಿ ಅಂಕಿ ನೇರವಾಗಿ ಬರಬೇಕಾದರೆ ಹಲಗೆಯಲ್ಲಿ ಅದನ್ನು ತಿರುವುಮುರುವಾಗಿ ಕೊರೆಯಬೇಕು. ಆ ವರ್ಷ ಅಲ್ಲಿ ಆಕಸ್ಮಿಕವಾಗಿ ಬಿದ್ದುದಲ್ಲ.

‘ಪ್ರವಾದಿ’ಯನ್ನು ತರಗತಿಯಲ್ಲಿ ತೋರಿಸೋಣ, 1934ನ್ನೂ ಜೊತೆಗೇ ಹೇಳೋಣ. ಪ್ರಾರ್ಥನಾಲಯದ ಗೋಡೆಗೆ ಶ್ಮಿಟ್-ರೊಟ್ಲುಫನ ಕ್ರಿಸ್ತನೇ ಸಾಕು.