ಕನಿಷ್ಠ ಅನಿಷ್ಟದ ತರ್ಕ: ಸ್ಟಿಮ್ಸನ್ ಪ್ರಬಂಧದ ನೈತಿಕ ವಿಮರ್ಶೆ

ಯುದ್ಧವನ್ನು ಕೊನೆಗಾಣಿಸಲು ಅಣ್ವಸ್ತ್ರವನ್ನು ಬಳಸಬಹುದೇ ಎಂಬ ಜಿಜ್ಞಾಸೆಯಲ್ಲಿ ಹೆನ್ರಿ ಸ್ಟಿಮ್ಸನ್ ಅವರ ‘ಅಣುಬಾಂಬನ್ನು ಬಳಸುವ ನಿರ್ಧಾರ’ ಎಂಬ ಪ್ರಬಂಧಕ್ಕೆ ವಿಶಿಷ್ಟ ಸ್ಥಾನವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧ ಕಾರ್ಯದರ್ಶಿಯಾಗಿದ್ದ ಅವರು ಇದನ್ನು 1947ರ ಫೆಬ್ರವರಿಯಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1946ರ ಆಗಸ್ಟ್ 31ರ ನ್ಯೂಯಾರ್ಕರ್ ಸಂಚಿಕೆಯು ಜಾನ್ ಹರ್ಸಿಯವರ ‘ಹಿರೋಷಿಮಾ’ ಬರಹಕ್ಕೇ ಮೀಸಲಾಗಿದ್ದು, ಬದುಕುಳಿದ ಆರು ಮಂದಿಯ ಅನುಭವವನ್ನು ಓದುಗರ ಮುಂದಿರಿಸಿತ್ತು. ಹರ್ಸಿಯವರು ವ್ಯಕ್ತಿಗಳನ್ನು ಕಂಡೆಡೆ ಸ್ಟಿಮ್ಸನ್ ಸಂಖ್ಯೆಗಳನ್ನು ಮುಂದಿಟ್ಟರು.

ಪ್ರಬಂಧದ ವಾದ ಸರಳವಾದುದು. ಜಪಾನಿನ ನೆಲದ ಮೇಲೆ ಆಕ್ರಮಣ ನಡೆಸಿದ್ದರೆ ಅಮೆರಿಕದ ಪಡೆಗಳಲ್ಲಿಯೇ ಮಡಿದವರು ಹಾಗೂ ಗಾಯಗೊಂಡವರ ಸಂಖ್ಯೆ ಹತ್ತು ಲಕ್ಷವನ್ನು ಮೀರಬಹುದಿತ್ತು. ಆದುದರಿಂದ ಇದ್ದ ಅನಿಷ್ಟಗಳಲ್ಲಿ ಬಾಂಬು ಕನಿಷ್ಠವಾದುದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಯುದ್ಧ ಮುಂದುವರಿದಷ್ಟೂ ಚೀನಾ ಮತ್ತು ಆಗ್ನೇಯ ಏಷ್ಯಾದ ಜನರ ಸಾವೂ ಮುಂದುವರಿಯುತ್ತಿತ್ತು. ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಎರಡನೆಯ ಬಾಂಬು ಬಿದ್ದು, ಸೋವಿಯತ್ ಸೇನೆ ಮಂಚೂರಿಯಾವನ್ನು ಪ್ರವೇಶಿಸಿದ ಬಳಿಕವೂ ಜಪಾನಿನ ಆರು ಸದಸ್ಯರ ಯುದ್ಧಮಂಡಳಿ ಸಮನಾಗಿ ಇಬ್ಭಾಗವಾಗಿತ್ತು; ಚಕ್ರವರ್ತಿಯ ಮಧ್ಯಪ್ರವೇಶವೇ ಅನಿವಾರ್ಯವಾಯಿತು. ಆದರೆ ಇನ್ನೊಂದು ತಟ್ಟೆಯಲ್ಲಿರುವುದು ಊಹೆಯ ಸಾವುಗಳಲ್ಲ. 1945ರ ಅಂತ್ಯದ ವೇಳೆಗೆ ಹಿರೋಷಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 70,000 ಜನರು ಮೃತಪಟ್ಟಿದ್ದರು.

ವಿಮರ್ಶಕನ ಗಮನ ಸೆಳೆಯಬೇಕಾದ ಅಂಶ ಪ್ರಬಂಧದ ಒಳಗೇ ಇದೆ. ಸ್ಟಿಮ್ಸನ್ 1945ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ನರಿಗೆ ಸಲ್ಲಿಸಿದ ಟಿಪ್ಪಣಿಯನ್ನು ಅದರಲ್ಲಿ ಉದ್ಧರಿಸಿದ್ದಾರೆ. ಈಗಿನ ರಾಜವಂಶದ ಅಡಿಯಲ್ಲಿ ಸಾಂವಿಧಾನಿಕ ರಾಜಪ್ರಭುತ್ವಕ್ಕೆ ಅವಕಾಶವುಂಟೆಂದು ತಿಳಿಸಿದರೆ ಜಪಾನ್ ಶರಣಾಗುವ ಸಂಭವ ಗಣನೀಯವಾಗಿ ಹೆಚ್ಚುವುದೆಂಬುದು ಅಲ್ಲಿನ ಸಲಹೆ. ಜುಲೈ 26ರ ಪಾಟ್ಸ್‌ಡ್ಯಾಮ್ ಘೋಷಣೆಯಲ್ಲಿ ಈ ಭರವಸೆ ಇರಲಿಲ್ಲ. ಎರಡು ನಗರಗಳು ನಾಶವಾದ ಮೇಲೆ ಚಕ್ರವರ್ತಿಯ ಪೀಠ ಉಳಿದೇ ಉಳಿಯಿತು. ಹೀಗೆ, ಆಕ್ರಮಣ ಅಥವಾ ಬಾಂಬು ಎಂಬ ಎರಡೇ ದಾರಿಗಳಿದ್ದವೆಂಬ ನಂಬಿಕೆಯನ್ನು ಪ್ರಬಂಧದ ಸ್ವಂತ ಸಾಕ್ಷ್ಯವೇ ಅಲುಗಿಸುತ್ತದೆ. ಆ ಮೂರನೆಯ ದಾರಿ ಫಲಿಸುತ್ತಿತ್ತೆಂದು ಖಚಿತವಾಗಿ ಹೇಳಲಾಗದು. ಅದನ್ನು ಪರೀಕ್ಷಿಸಲಿಲ್ಲವೆಂಬುದಂತೂ ಸ್ಪಷ್ಟ.

ಟ್ರೂಮನ್ನರಿಗೆ ಆಕ್ಸ್‌ಫರ್ಡ್ 1956ರಲ್ಲಿ ಗೌರವ ಪದವಿ ನೀಡಿದುದನ್ನು ವಿರೋಧಿಸಿದ ತತ್ತ್ವಜ್ಞಾನಿ ಎಲಿಜಬೆತ್ ಆನ್ಸ್‌ಕಂಬ್ ಅವರ ಚಿಂತನೆ ಇಲ್ಲಿ ಪ್ರಸ್ತುತವಾಗುತ್ತದೆ. ಅಂದಿನ ಪರಿಸ್ಥಿತಿಯಲ್ಲಿ ಬಾಂಬು ಹೆಚ್ಚಿನ ಸಾವುಗಳನ್ನು ತಪ್ಪಿಸಿರಬಹುದೆಂದು ಅವರು ಒಪ್ಪಿದರು. ಆದರೆ ಬೇಷರತ್ ಶರಣಾಗತಿಯ ಹಟದಿಂದಲೇ ಆ ಪರಿಸ್ಥಿತಿ ಹುಟ್ಟಿತೆಂದು ತೋರಿಸಿದರು. ನಿರಪರಾಧಿಗಳ ವಧೆಯನ್ನು ಸಾಧನವಾಗಿ ಆರಿಸಿಕೊಳ್ಳುವುದು ಕೊಲೆಯೇ ಎಂಬುದು ಅವರ ನಿಲುವು. ಒಂದು ಊರಿನ ಜನರನ್ನು ಮತ್ತೊಂದು ದೇಶದ ಸರ್ಕಾರಕ್ಕೆ ಕಳುಹಿಸುವ ಸಂದೇಶವನ್ನಾಗಿ ಮಾಡಿದಾಗ, ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ಆ ಜನರ ಮನುಷ್ಯತ್ವ ಲೆಕ್ಕದಿಂದ ಹೊರಗುಳಿಯುತ್ತದೆ.

ಶರಣಾಗತಿಯ ಷರತ್ತುಗಳನ್ನು ಸ್ಪಷ್ಟಪಡಿಸಲು ತಡಮಾಡಿ ಅಮೆರಿಕ ಯುದ್ಧವನ್ನು ಲಂಬಿಸಿರಬಹುದೆಂಬ ಸಾಧ್ಯತೆಯನ್ನು ಸ್ಟಿಮ್ಸನ್ 1948ರ ತಮ್ಮ ಆತ್ಮಕಥನದಲ್ಲಿ ಒಪ್ಪಿಕೊಂಡರು. ಕನಿಷ್ಠ ಅನಿಷ್ಟವೆಂಬ ವಾದವನ್ನು ಒಪ್ಪುವ ಮುನ್ನ, ಉಳಿದ ದಾರಿಗಳನ್ನು ಮುಚ್ಚಿದವರು ಯಾರು ಎಂದು ಕೇಳಬೇಕಾದ ಹೊಣೆ ಓದುಗರ ಮೇಲಿದೆ.